ಬೆನ್ನಿನ ಮೊಡವೆಗೆ ಮಿರ್ಚಿಯೇ ಕಾರಣವಂತೆ!

ಹೋದ ಬೇಸಿಗೆಯಲ್ಲಿ ಕುಂಚಾವರಂನಲ್ಲಿ ಮದುವೆ. ಹತ್ತನೇ ಕ್ಲಾಸಿನ ನಮ್ಮ ಕಾಕಾನ ಮಗ ಆ ಸೆಖೆಯಲ್ಲೂ ಅಂಗಿ ಮೇಲೆ ಅಂಗಿ ಹಾಕ್ಕೊಂಡು ಓಡಾಡ್ತಿದ್ದ. ಕೊನೆಗೆ ಗೊತ್ತಾಯ್ತು, ಬೆನ್ನ ತುಂಬಾ ಮೊಡವೆ. "ಮೈ ಉಷ್ಣ ಆಗ್ಯಾದ, ಮಿರ್ಚಿ ಭಜಿ ತಿನ್ನೋದು ಬಿಡವಲ್ಲ" ಅಂತ ಚಿಗವ್ವ. "ಮೈ ಛಂದ್ ತಿಕ್ಕೊಳ್ಳಂಗಿಲ್ಲ" ಅಂತ ಕಾಕಾ. ಪಾಪದ ಹುಡುಗ ಒರಟು ಕಲ್ಲಿನಿಂದ ಬೆನ್ನು ತಿಕ್ಕಿ ತಿಕ್ಕಿ ಕೆಂಪಗೆ ಮಾಡ್ಕೊಂಡಿದ್ದ!

ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಮೊಡವೆ ಹೊಲಸಿನಿಂದ ಬರೋದಲ್ಲ ಸ್ವಾಮಿ. ಕೂದಲ ಬುಡದ ರಂಧ್ರದಲ್ಲಿ ಎಣ್ಣೆ, ಸತ್ತ ಚರ್ಮ ಕಟ್ಟಿಕೊಂಡು ಊತ ಆಗುತ್ತೆ. ಹದಿಹರೆಯದಲ್ಲಿ ಹಾರ್ಮೋನಿನಿಂದ ಆ ಎಣ್ಣೆ ಇನ್ನೂ ಜಾಸ್ತಿ. ತಿಕ್ಕಿದರೆ ಊತ ಹೆಚ್ಚುತ್ತೆ ಅಷ್ಟೇ. ಖಾರದ ಮೇಲಿನ ಆರೋಪಕ್ಕೆ ಗಟ್ಟಿ ಪುರಾವೆ ಇಲ್ಲ. ಸಕ್ಕರೆ ಮೇಲೆ ಸ್ವಲ್ಪ ಅನುಮಾನ ಇದೆ, ಆದರೆ ದಿನಕ್ಕೆ ನಾಲ್ಕು ಸಲ ಸಿಹಿ ಚಹಾ ಕುಡಿಯೋರು ಅದನ್ನ ಬೈತಾರಾ? :-)

ಯಾರ ಕಣ್ಣಿಗೂ ಬೀಳದ್ದು ಬೇರೆಯೇ. 40 ಡಿಗ್ರಿ ದಾಟೋ ಬಿಸಿಲಲ್ಲಿ ಮೈಗಂಟಿದ ಪಾಲಿಸ್ಟರ್ ಟೀಶರ್ಟ್, ಬೆನ್ನಿಗೆ ಒತ್ತೋ ಭಾರದ ಬ್ಯಾಗು, ಕ್ರಿಕೆಟ್ ಆಡಿ ಬೆವರು ಮೈಮೇಲೇ ಆರೋವರೆಗೆ ಹರಟೆ, ತಲೆಯಿಂದ ಕುತ್ತಿಗೆಗೆ ಇಳಿಯೋ ಕೊಬ್ಬರಿ ಎಣ್ಣೆ. ನನಗೂ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಉಜ್ಜೋ ಜಾಗದಲ್ಲೇ ಸಾಲಾಗಿ ಎದ್ದಿದ್ದವು.

ಇದೆಲ್ಲ ಹೋಗಲಿ. ಅಸಲಿ ಅಪಾಯ ಹುಡುಗನ ಜೇಬಿನಲ್ಲಿತ್ತು. ಯಾವುದೋ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಟ್ಟ ಟ್ಯೂಬು. ಸಣ್ಣ ಅಕ್ಷರ ಓದಿದೆ... ಕ್ಲೋಬೆಟಾಸಾಲ್. ಬಲು ಜೋರಿನ ಸ್ಟಿರಾಯ್ಡ್! ಹಚ್ಚಿದರೆ ಮೊದಲು ಕೆಂಪು ಇಳಿಯುತ್ತೆ, ಎಲ್ಲರಿಗೂ ಖುಷಿ. ಹಚ್ಚುತ್ತಾ ಹೋದರೆ ಅದೇ ಮೊಡವೆ ಎಬ್ಬಿಸುತ್ತೆ, ಚರ್ಮ ತೆಳುವಾಗುತ್ತೆ. ಬೆನ್ನಲ್ಲಿರೋದು ಮೊಡವೆಯಲ್ಲದೆ ತುರಿಸೋ ಫಂಗಸ್ ಗುಳ್ಳೆ ಆಗಿದ್ದರಂತೂ ಅದಕ್ಕೆ ಗೊಬ್ಬರ ಹಾಕಿದಂಗೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಡಾಕ್ಟರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕೌಂಟರಿನಲ್ಲಿ ಮಾತ್ರ "ಇದ ಹಚ್ಚು ತಮ್ಮಾ, ಎರಡ ದಿನದಾಗ ಹೋಗ್ತದ."

"ಗುಳ್ಳಿಗೆಲ್ಲ ಡಾಕ್ಟರೇನೋ?" ಅಂದ ಕಾಕಾ. ಕಲಬುರಗಿಗೆ ಹೋಗಿ ಬರೋಕೆ ಒಂದು ದಿನದ ಕೆಲಸ ಕೆಡುತ್ತೆ, ಒಪ್ತೀನಿ. ಅದಕ್ಕೆ ನಾನೇ ಕರ್ಕೊಂಡು ಹೋದೆ. ಡಾಕ್ಟರು ಕಲ್ಲು ಬಿಡಿಸಿ, ಟ್ಯೂಬು ಬಿಡಿಸಿ, ಬೆಂಜಾಯ್ಲ್ ಪೆರಾಕ್ಸೈಡ್ ಬರೆದುಕೊಟ್ಟರು. ತಿಂಗಳುಗಟ್ಟಲೆ ತಾಳ್ಮೆ ಬೇಕು ಅಂದರು.

ಮೊನ್ನೆ ಚಿಗವ್ವನ ಫೋನು. ಬೆನ್ನು ಹೇಗಿದೆ ಅನ್ನೋದಕ್ಕಿಂತ ಮೊದಲು, ಆ ಔಷಧಿ ತಾಗಿ ಹೊಸ ಟವೆಲ್ಲಿನ ಬಣ್ಣವೆಲ್ಲ ಹೋಗಿದೆ ಅಂತ ಬೈಗುಳ!