ಎಳೆಯರಿಗೆ ಎಂತಹ ಯುದ್ಧಕಥೆ?

ಯುದ್ಧದ ಕಥೆಯೆಂದರೆ ಎಳೆಯರಿಗೆ ಅಕ್ಕರೆ, ಅದು ಸ್ವಾಭಾವಿಕ. ಆದರೆ ಎರಡನೆಯ ಮಹಾಯುದ್ಧವನ್ನು ಕುರಿತು ಎಂತಹ ಪುಸ್ತಕ ಅವರ ಕೈಸೇರುತ್ತಿದೆಯೆಂಬುದನ್ನು ವಿದ್ಯಾವಂತರ ಮನೆಗಳಲ್ಲಿಯೂ ವಿಚಾರಿಸುವವರು ವಿರಳ. ಒಂದು ಕಡೆ ಹಿಟ್ಲರನ ‘ಮೈನ್ ಕಾಂಫ್’ ಭಾರತದ ಪುಸ್ತಕದಂಗಡಿಗಳಲ್ಲಿ ಮಹಾಪುರುಷರ ಚರಿತ್ರೆಗಳ ಪಕ್ಕದಲ್ಲಿಯೇ ಬಿಕರಿಯಾಗುತ್ತಿದೆ. ಇನ್ನೊಂದು ಕಡೆ ಇಂಗ್ಲಿಷಿನಿಂದ ಬರುವ ಕಣ್ಣೀರಿನ ಕಾದಂಬರಿಗಳು. ಮೊದಲನೆಯದು ವಿಷ, ಎರಡನೆಯದು ಎಷ್ಟೋ ಸಲ ಸಕ್ಕರೆ ಸವರಿದ ಸುಳ್ಳು.

ಈ ಮಾತು ಕಠಿನವೆಂದು ತೋರಬಹುದು. 2006ರಲ್ಲಿ ಜಾನ್ ಬಾಯ್ನ್ ಬರೆದ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪಜಾಮಾಸ್’ ಎಂಬ ಜನಪ್ರಿಯ ಕಾದಂಬರಿಯನ್ನೇ ನೋಡಬಹುದು. ನಾಜಿ ಸೆರೆಶಿಬಿರದ ಅಧಿಕಾರಿಯ ಮಗ, ಒಂಬತ್ತು ವರ್ಷದ ಬಾಲಕ, ಬೇಲಿಯಾಚೆಯ ಯೆಹೂದಿ ಬಾಲಕನ ಗೆಳೆತನ ಮಾಡುತ್ತಾನೆ. ಕಡೆಗೆ ಓದುಗನ ಕಣ್ಣೀರು ಹರಿಯುವುದು ಆ ಅಧಿಕಾರಿಯ ಮಗನಿಗಾಗಿ! ನಡೆದುದಾದರೂ ಏನು? ಆಶ್ವಿಟ್ಜಿಗೆ ತಂದ ಯೆಹೂದಿ ಮಕ್ಕಳಲ್ಲಿ ಬಹುಪಾಲನ್ನು ಬಂದೊಡನೆಯೇ ವಿಷಾನಿಲದ ಕೋಣೆಗೆ ಅಟ್ಟಿದರು. ಹತರಾದ ಸುಮಾರು 60 ಲಕ್ಷ ಯೆಹೂದಿಗಳಲ್ಲಿ 15 ಲಕ್ಷದಷ್ಟು ಮಂದಿ ಮಕ್ಕಳು. ಈ ಚರಿತ್ರೆಯನ್ನು ಕಲಿಯುವವರೂ ಕಲಿಸುವವರೂ ಆ ಕಾದಂಬರಿಯನ್ನು ದೂರವಿಡುವುದು ಲೇಸೆಂದು ಆಶ್ವಿಟ್ಜ್ ಸ್ಮಾರಕ ಸಂಸ್ಥೆಯೇ 2020ರಲ್ಲಿ ಹೇಳಿತು.

ಇಂತಹ ಘೋರವನ್ನು ಎಳೆಯರಿಗೆ ತಿಳಿಸಬಾರದೆಂದು ಕೆಲವರು ಆಕ್ಷೇಪಿಸುವರು. ಆ್ಯನ್ ಫ್ರಾಂಕ್ ದಿನಚರಿ ಬರೆಯತೊಡಗಿದಾಗ ಅವಳಿಗೆ 13 ವರ್ಷ. 1945ರಲ್ಲಿ ಬೆರ್ಗೆನ್-ಬೆಲ್ಸನ್ ಶಿಬಿರದಲ್ಲಿ ಸತ್ತಾಗ 15. ಆ ವಯಸ್ಸಿನವಳು ಅನುಭವಿಸಿದುದನ್ನು ಅದೇ ವಯಸ್ಸಿನವರು ಓದಲಾರರೆ? ಸಾಹಿತ್ಯವು ಬದುಕಿನ ಕಠೋರತೆಗೆ ಬೆನ್ನು ತಿರುಗಿಸಬಾರದೆಂದು ಅರಕಲಗೂಡು ಮನೆತನದ ಅ. ನ. ಕೃಷ್ಣರಾಯರು 1940ರ ದಶಕದಲ್ಲಿಯೇ ವಾದಿಸಿದರು. ದೊಡ್ಡವರಿಗೆ ಸಲ್ಲುವ ಸತ್ಯ ಎಳೆಯರಿಗೇಕೆ ಸಲ್ಲದು?

ಪರದೇಶದ ಗೋಳು ಹಳ್ಳಿಮೈಸೂರಿನ ಹುಡುಗನಿಗೇಕೆ ಎಂಬುದು ಎರಡನೆಯ ಆಕ್ಷೇಪ. ಆ ಗೋಳು ಬೆಂಗಳೂರಿನ ಬಾಗಿಲಿಗೇ ಬಂದಿತ್ತು. ಯೆಹೂದಿಗಳೆಂಬ ಕಾರಣದಿಂದ 1933ರಲ್ಲಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ವಿಜ್ಞಾನಿ ಮಾಕ್ಸ್ ಬಾರ್ನರು ಸರ್ ಸಿ. ವಿ. ರಾಮನ್ನರ ಕರೆಯಂತೆ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಬೇಕೆಂದು ರಾಮನ್ನರು ಶ್ರಮಿಸಿದರು. ಆದರೆ ಅಲ್ಲಿನ ಸಭೆಯೊಂದರಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕನು, ಸ್ವದೇಶದಿಂದ ಹೊರದೂಡಿಸಿಕೊಂಡ ಎರಡನೆಯ ದರ್ಜೆಯ ಪರದೇಶಿಯೆಂದು ಅವರ ಎದುರಿನಲ್ಲಿಯೇ ಹೀಗಳೆದನು. ಮನೆಗೆ ಬಂದು ಅತ್ತುದಾಗಿ ಬಾರ್ನರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅವರ ಸೋದರಳಿಯ ಓಟೊ ಕೋನಿಗ್ಸ್‌ಬರ್ಗರರೂ 1933ರಲ್ಲಿಯೇ ಕೆಲಸ ಕಳೆದುಕೊಂಡು, ಈಜಿಪ್ಟನ್ನು ಹಾದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅವರು ರೂಪಿಸಿದ ಕಟ್ಟಡಗಳು ಬೆಂಗಳೂರಿನಲ್ಲಿ ಇಂದಿಗೂ ನಿಂತಿವೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಓದಲು ಹೋದ ತರುಣರು ಅವುಗಳ ಮುಂದೆ ನಡೆದಾಡುತ್ತಾರೆ. ಅವುಗಳ ಕಥೆಯನ್ನು ಹೇಳುವವರಿಲ್ಲ.

ಈ ಎರಡು ಬಾಳುಗಳಲ್ಲಿ ಒಂದು ಕಾದಂಬರಿಗೆ ಬೇಕಾದುದೆಲ್ಲವೂ ಇದೆ. ಮಿಗಿಲಾಗಿ, ಸಕ್ಕರೆಯ ಕಥೆಗಳು ಮುಚ್ಚಿಡುವ ಸತ್ಯವಿದೆ: ಆ ಮಹಾಹತ್ಯೆ ಮೊದಲಾದುದು ವಿಷಾನಿಲದಿಂದಲ್ಲ, ಕಛೇರಿಯ ಕಾಗದದಿಂದ, ‘ಇವರು ನಮ್ಮವರಲ್ಲ’ ಎಂಬ ಒಂದು ಪಟ್ಟಿಯಿಂದ. ಪಟ್ಟಿ ಬರೆದವನು ರಾಕ್ಷಸನಲ್ಲ, ಗುಮಾಸ್ತ. ನೊಂದು ಬಂದವನನ್ನು ಹೀಗಳೆದವನೂ ರಾಕ್ಷಸನಲ್ಲ, ಪ್ರಾಧ್ಯಾಪಕ. ಹಳ್ಳಿಯ ಹೋಟಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡವರ ಮೊಮ್ಮಕ್ಕಳಿಗೆ ಈ ಸತ್ಯ ಪರದೇಶದ್ದೆನಿಸದು.

ಹಿಟ್ಲರನನ್ನು ಬರಿಯ ರಾಕ್ಷಸನನ್ನಾಗಿ ಚಿತ್ರಿಸಿದರೆ ಓದುವ ಹುಡುಗ ತಾನು ಸುರಕ್ಷಿತನೆಂದು ಭಾವಿಸಿ ಪುಸ್ತಕ ಮುಚ್ಚುವನು; ವೀರನನ್ನಾಗಿ ಕಂಡರೆ ಅವನ ದಾರಿ ಹಿಡಿಯುವನು. ಗುಮಾಸ್ತನನ್ನು ತೋರಿಸಿದರೆ ಮಾತ್ರ ತನ್ನ ಕೈಯನ್ನು ತಾನೇ ನೋಡಿಕೊಳ್ಳುವನು. ಅಂತಹ ಪುಸ್ತಕವನ್ನು ಕನ್ನಡ ಲೇಖಕರು ಬರೆಯಲಿ. ಜಿಲ್ಲೆಯ ಸಾಹಿತ್ಯ ಸಂಘಗಳು ಬರೆಯಿಸಲಿ. ತಂದೆತಾಯಿಗಳು ಮೊದಲು ತಾವೇ ಓದಿ ಅನಂತರ ಮಕ್ಕಳ ಕೈಗೆ ಕೊಡಲಿ.