ಹೊಲದ ನಡುವಿನ ಮಕ್ಕಳ ವೈದ್ಯ



ಹುಟ್ಟಿದ ಮೂರ್ನಾಲ್ಕು ದಿನಗಳಲ್ಲೇ ಕೂಸು ಹಾಲು ಬಿಟ್ಟು ಮಂಕಾಗಿ, ಮೂತ್ರ ಸುಟ್ಟ ಸಕ್ಕರೆಯ ವಾಸನೆ ಬಂದರೆ ಅದು ದೃಷ್ಟಿಯಲ್ಲ. ಹಾಲಿನ ಪ್ರೋಟೀನಿನ ಕೆಲವು ಅಂಶಗಳನ್ನು ದೇಹ ಅರಗಿಸಲಾರದ, ವಂಶದಲ್ಲಿ ಬರುವ 'ಮೇಪಲ್ ಸಿರಪ್' ಕಾಯಿಲೆ ಇರಬಹುದು. ಅಮೆರಿಕದ ಪೆನ್ಸಿಲ್ವೇನಿಯದ ಮೆನೊನೈಟ್ ರೈತರಲ್ಲಿ ಸುಮಾರು 380 ಮಕ್ಕಳಲ್ಲಿ ಒಂದಕ್ಕೆ ಇದು ತಗಲುತ್ತಿತ್ತು. ಕೆಲವೇ ಮೂಲ ಕುಟುಂಬಗಳು ತಮ್ಮತಮ್ಮಲ್ಲೇ ಮದುವೆಯಾಗುತ್ತ ಬಂದದ್ದು ಕಾರಣ.

ಶಾಲೆ ಅರ್ಧಕ್ಕೆ ಬಿಟ್ಟು ಹಡಗಿನಲ್ಲಿ ದುಡಿದು, ಆಮೇಲೆ ಹಾರ್ವರ್ಡಿನಲ್ಲಿ ವೈದ್ಯಶಾಸ್ತ್ರ ಕಲಿತವರು ಡಾ. ಹೋಮ್ಸ್ ಮಾರ್ಟನ್. ದೊಡ್ಡ ಆಸ್ಪತ್ರೆಗೆ ಅಂಟಿಕೊಳ್ಳದೆ 1989ರಲ್ಲಿ ಪತ್ನಿಯೊಡನೆ ಈ ಮೆನೊನೈಟ್, ಆಮಿಶ್ ರೈತರ ನಡುವೆಯೇ ಚಿಕಿತ್ಸಾಲಯ ತೆರೆದರು. ಜಾಗ ಕೊಟ್ಟವನು ಆಮಿಶ್ ರೈತ. ಕಟ್ಟಡ ಎಬ್ಬಿಸಿದವರೂ ರೈತರೇ. ಹುಟ್ಟಿದೊಡನೆ ಕೂಸಿನ ರಕ್ತಪರೀಕ್ಷೆ, ಪ್ರೋಟೀನ್ ಅಳೆದು ಕೊಡುವ ಆಹಾರ: ಇಷ್ಟರಿಂದಲೇ ಎಷ್ಟೋ ಮಕ್ಕಳು ಬದುಕಿ ಬೆಳೆದರು. ಇಂಥ ವೈದ್ಯರು ನಗರದಲ್ಲೇ ಕುಳಿತರೆ ಹಳ್ಳಿಯ ಕೂಸಿಗೆ ಏನು ಪ್ರಯೋಜನ?

ನಮ್ಮಲ್ಲೂ ಜಮೀನು ಹೊರಹೋಗಬಾರದೆಂದು ಅತ್ತೆಯ ಮಗನಿಗೇ ಹುಡುಗಿ ಕೊಡುವುದುಂಟು. ಹೋರಿ ತರುವಾಗ ತಳಿ ವಿಚಾರಿಸುವ ರೈತ ಇಲ್ಲಿ ಮಾತ್ರ ಮರೆಯುವುದೇಕೋ! ವಿನಾಯಿತಿ ಕೇಳಿ ಬರುವವರಿಗೆ ನಾನು ಇದನ್ನೇ ಹೇಳುವುದು. ಕಾರಣ ತಿಳಿಯದೆ ಕೂಸು ತೀರಿಕೊಂಡ ಮನೆಯವರು ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ಅದನ್ನು ತಿಳಿಸಿರಿ, ಕೂಸಿನ ಹಿಮ್ಮಡಿಯ ರಕ್ತಪರೀಕ್ಷೆ ಕೇಳಿರಿ.