ಸುರಂಗಕ್ಕಿಂತ ಮೊದಲು ಸೂಜಿ
ಈ ವಾರ ವಯನಾಡಿನ ಕಲ್ಪೆಟ್ಟದ ಚಹಾದಂಗಡಿಯಲ್ಲಿ ಮತ್ತದೇ ಮಾತು: ಕೋಝಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿತು, ಆಂಬುಲೆನ್ಸ್ ಸಿಕ್ಕಿಕೊಂಡಿತು, ಘಾಟಿ ತಪ್ಪಿಸುವ ಮೇಪ್ಪಾಡಿಯ ಸುರಂಗ ಬೇಗ ಮುಗಿದರೆ ಸಾಕು. ಮುಗಿಯಲಿ. ಆದರೆ 37 ವಾರ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಬಸುರಿಯ ವಿಷಯದಲ್ಲಿ ಘಾಟಿಯ ಒಂಬತ್ತು ತಿರುವುಗಳನ್ನೇ ಖಳನಾಯಕರನ್ನಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಟ್ಟೆಯೊಳಗಿನ ಮಗುವಿನ ಎಳೆಯ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುವುದರ ಗುಣವನ್ನು ನ್ಯೂಜಿಲೆಂಡಿನ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟರು. ನಮ್ಮಲ್ಲಿ ಬಳಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ತೀರಾ ಅಗ್ಗ. ಅದು ಕೆಲಸ ಮಾಡಲು ಗಂಟೆಗಟ್ಟಲೆ ಸಮಯ ಬೇಡುತ್ತದೆ. ಹಾಗಾಗಿ 34 ವಾರ ದಾಟದ ತಾಯಿಗೆ ವೈದ್ಯರು ಬೇಕೆಂದಾಗ ಮೊದಲ ಸೂಜಿ ಬೀಳಬೇಕಾದದ್ದು ಕೋಝಿಕ್ಕೋಡಿನಲ್ಲಲ್ಲ, ಗಾಡಿ ಹತ್ತುವ ಮುನ್ನ, ಇಲ್ಲೇ ಬೆಟ್ಟದ ಮೇಲೆ. ಅದಕ್ಕೂ ಹಿಂದೆ ಸರಿದರೆ ಇನ್ನೂ ಸಪ್ಪೆ ಸಂಗತಿಗಳು: ರಕ್ತಹೀನತೆ, ಗಮನಿಸದೇ ಬಿಟ್ಟ ಮೂತ್ರದ ಸೋಂಕು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ವಯನಾಡಿನ ಆದಿವಾಸಿಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆ. ಇವೆಲ್ಲ ಅಕಾಲ ಹೆರಿಗೆಯ ಅಪಾಯ ಹೆಚ್ಚಿಸುವಂಥವು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ, ನಿಜ, ಸಿಗುವುದನ್ನಾದರೂ ಹಿಡಿಯಬಹುದಲ್ಲ! ಸುರಂಗಕ್ಕೆ ಎರಡು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಖರ್ಚು, ಶಂಕುಸ್ಥಾಪನೆಗೆ ಮಂತ್ರಿಗಳ ದಂಡು. ಮೂತ್ರ ಪರೀಕ್ಷೆಗೆ ರಿಬ್ಬನ್ ಕತ್ತರಿಸಲು ಯಾರು ಬರುತ್ತಾರೆ? ಅದಕ್ಕೆ ಬೇಕಾದದ್ದು ಕಾಡಂಚಿನ ಹಾಡಿಗೆ ನಡೆದು ಹೋಗಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕ ಬುಡಕಟ್ಟಿನ ಹೆಂಗಸಿನ ಮಾತು ಕೇಳಿಸಿಕೊಳ್ಳುವ ನರ್ಸಮ್ಮ, ಅದೂ ಬಸಿರಿನ ಮೂರನೇ ತಿಂಗಳೊಳಗೆ.